ಹಳ್ಳು

ಶಹಾಬಾದದ ಟೇಷನ್ ಎದುರು, ಅರ್ಧ ಶಟರ್ ಎಳೆದ ಮೇಲೆ
ಲಾಡ್ಲೇಸಾಬನ ಹೋಟೆಲು ನಮ್ಮದು.
ಬಿಸ್ಕೀಟಿನ ಬರಣಿಗೆ ಆನಿಸಿಟ್ಟ ಮೊಬೈಲಿನಲ್ಲಿ
ಲಿಥುವೇನಿಯಾ.
ಇಲ್ಲಿ ಹತ್ತೂವರೆ ರಾತ್ರಿ. ಅಲ್ಲಿ ಇನ್ನೂ ಹೊತ್ತು ಮುಳುಗಿಲ್ಲ.
ಗೂಡ್ಸ್ ಗಾಡಿ ಹಾದಾಗ ಬರಣಿ ನಡುಗಿ
ಲಿಥುವೇನಿಯಾ ನಡುಗುತ್ತದೆ.

ಆಡುವ ಹನ್ನೊಂದರಲ್ಲಿ ಸುವಾರ್ತಾ ಇಲ್ಲ.
ಬೆಂಚಿನ ಮೇಲಿದ್ದಾಳೆ. ಬೆಂಚು ಕಾಣುವುದಿಲ್ಲ.

ಕಾಣದ್ದರ ಬಗ್ಗೆ ಮಾತಾಡಲು ನಾವು ಐದು ಮಂದಿ ಸಾಕು.
"ಕುಂದರಸ್ಲಾಕ ಒಯ್ದಾರೇನ್ ಅಷ್ಟ್ ದೂರ?
ಇಲ್ಲೇ ಕಟ್ಟಿ ಮ್ಯಾಲ ಕುಂದುರ್ತಿದ್ಳಲ್ಲ" ಅನ್ನುತ್ತಾನೆ ಚಂದ್ರಶಾ,
ಸಿಮೆಂಟ್ ಫ್ಯಾಕ್ಟರಿ ತಂಡದ ಎಡಬದಿಯಲ್ಲಿ
ಹದಿನೆಂಟು ವರ್ಷ ಓಡಿದವನು.
ಫ್ಯಾಕ್ಟರಿ ಮುಚ್ಚಿತು. ಎಡಬದಿ ಮುಚ್ಚಲಿಲ್ಲ:
ಈಗಲೂ ಮಾತು ಏರಿದರೆ ಎಡಕ್ಕೇ ಸರಿಯುತ್ತಾನೆ,
ಪಕ್ಕದವನ ಚಹಾ ಚೆಲ್ಲುತ್ತದೆ.

ಇಂಡಿಯಾ ಟೀಮಿನ ಮಾತು ಬಂದರೆ ಜಗಳ ಗ್ಯಾರಂಟಿ.
ಕ್ಯಾಂಪಿಗೆ ಎರಡು ಸಲ ಕರೆದರು, ಎರಡು ಸಲವೂ
ಕೊನೆಯ ಪಟ್ಟಿಯಲ್ಲಿ ಅವಳಿಲ್ಲ.
ಹಣಮಂತ್ರಾಯ ಮಾಸ್ತರರು ಆ ಪಟ್ಟಿಯನ್ನು
ಕೋರ್ಟಿನ ತಾರೀಖಿನ ಚೀಟಿಯಂತೆ
ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತಾರೆ.
"ಇಪ್ಪತ್ಮೂರು ಮಂದ್ಯಾಗ ಒಬ್ಬಾಕಿಗಿ ಜಾಗಾ ಇರ್ಲಿಲ್ಲೇನ್ರಿ?"
ಯಾರನ್ನು ಕೇಳುತ್ತಾರೋ.
ನಾವು ಸಕ್ಕರೆ ಕದಡುತ್ತೇವೆ.

ನಮ್ಮ ಲೀಗಿನ ಕತೆ ಬೇರೆ.
ಆರು ತಂಡ ಇದ್ದವು, ನಾಲ್ಕಾದವು, ಅದರಲ್ಲೂ ವಾಡಿಯವರು
ಬರುತ್ತೇವೆಂದು ಹೇಳಿ ಬರುವುದಿಲ್ಲ.
ಗೆರೆ ಹಾಕುವವನು ನಾನು. ಸುಣ್ಣ ಸಾಲದಿದ್ದರೆ
ಪಾಲಿಶ್ ಮಶೀನಿನ ಕಲ್ಲುಪುಡಿ.
ಗಾಳಿ ಬಿಟ್ಟರೆ ಪೆನಾಲ್ಟಿ ಬಾಕ್ಸು ಹತ್ತು ಹೆಜ್ಜೆ ಆಚೆ ಹೋಗುತ್ತದೆ,
ರೆಫ್ರೀ ಅದರ ಹಿಂದೆ.
ಜೋರಾಗಿ ಒದ್ದ ಚೆಂಡು ಫರಸಿ ಖಣಿಗೆ ಬಿದ್ದರೆ
ಆಟ ನಿಲ್ಲುತ್ತದೆ. ಹಸಿರು ನೀರು, ಅರವತ್ತು ಅಡಿ,
ಈಜು ಬಲ್ಲವನು ಎರಡೂ ತಂಡಕ್ಕೆ ಒಬ್ಬನೇ.
ಆ ಖಣಿಯ ಅಂಚಿನಲ್ಲೇ ಅವಳು ಪಾಸು ಕಲಿತದ್ದು.
ಗಟ್ಟಿ ಒದೆಯಬಾರದೆಂಬ ಒಂದೇ ಪಾಠ.

ಅವಳಪ್ಪ ದೇವಪುತ್ರ ಮೂಲೆಯಲ್ಲಿ ಕೂತಿದ್ದಾನೆ.
ಕಲ್ಲು ಕೊಯ್ಯುವವನು. ಆಟ ತಿಳಿಯದು.
ಆಫ್‌ಸೈಡ್ ಅಂದರೆ ಚೆಂಡು ಖಣಿಗೆ ಬೀಳುವುದು
ಅಂದುಕೊಂಡಿದ್ದಾನೆ, ನಾವು ತಿದ್ದಿಲ್ಲ.

ಎಂಬತ್ತೊಂದನೇ ನಿಮಿಷ.
ಗೆರೆಯ ಆಚೆ ನಾಲ್ಕು ಹುಡುಗಿಯರು ಮೈ ಕಾಸುತ್ತ ಓಡುತ್ತಿದ್ದಾರೆ.
ಎಲ್ಲರ ಮೇಲೂ ಹಳದಿ ಜಾಕೀಟು,
ಮುಖ ಜೋಳದ ಕಾಳಿನಷ್ಟು.
"ಎರಡ್ನೇದಾಕಿ" ಅಂದ ಚಂದ್ರಶಾ.
"ಅಲ್ಲ, ಕಡೀದಾಕಿ" ಅಂದು ಲಾಡ್ಲೇಸಾಬ ಬೆರಳಿನಿಂದ ತೆರೆ ಒರೆಸಿದ,
ಆಟ ನಿಂತೇಹೋಯಿತು, ಮತ್ತೆ ಒತ್ತಿದ,
ಮಾಸ್ತರರು ಹಣೆಯ ಮೇಲಿದ್ದ ಕನ್ನಡಕ ಹುಡುಕಿದರು.

ಅಷ್ಟರಲ್ಲಿ ಕಡೆಯವಳು ನಿಂತು, ಬಗ್ಗಿ,
ಹುಲ್ಲಿನಲ್ಲಿ ಏನೋ ಹೆಕ್ಕಿ ಹೊರಗೆ ಬೀಸಿದಳು.

ಆ ಹುಲ್ಲಿನಲ್ಲಿ ಏನಿರುತ್ತದೆ?
ನೀರುಣಿಸಿ, ಮಿಲಿಮೀಟರಿನ ಲೆಕ್ಕದಲ್ಲಿ ಕತ್ತರಿಸಿದ ಹುಲ್ಲು.
ಏನೂ ಇರಲಿಕ್ಕಿಲ್ಲ.

ನಾವ್ಯಾರೂ ಮಾತಾಡಲಿಲ್ಲ.
ನಮ್ಮ ಮೈದಾನದಲ್ಲಿ ಆಟಕ್ಕೆ ಮೊದಲು ಎಲ್ಲರೂ ಮಾಡುವುದು ಅದು:
ಒಂದು ಹಳ್ಳು ಹೆಕ್ಕಿ ಎಸೆದರೆ ಒಂದು ಮೊಣಕಾಲು ಉಳಿಯುತ್ತದೆ.
ಕಲಿಸಿದವರು ಯಾರೂ ಇಲ್ಲ.

"ನಮ್ ಪೋರೀನೇ" ಅಂದ ದೇವಪುತ್ರ, ಮೂಲೆಯಿಂದ.

ಅವಳನ್ನು ಇಳಿಸಲಿಲ್ಲ. ಎರಡು ಸೊನ್ನೆ, ಸೋತರು.
ಚಂದ್ರಶಾ ಕೋಚಿಗೆ ಬೈದ, ಆಮೇಲೆ ಲಿಥುವೇನಿಯಾಕ್ಕೆ,
ಆಮೇಲೆ, ಯಾಕೋ, ವಾಡಿಯವರಿಗೆ.
ಏಳು ಚಹಾದ ಲೆಕ್ಕ ಹತ್ತಿತು,
ಒಂದು ಬಿಸ್ಕೀಟು ಯಾರದೆಂದು ಹತ್ತಲಿಲ್ಲ.
ನಾಳೆ ನಾಲ್ಕಕ್ಕೆ ಮ್ಯಾಚು, ಸುಣ್ಣ ಅರ್ಧ ಚೀಲ ಇದೆ.
ಶಟರಿನ ಕೆಳಗೆ ನುಸುಳುತ್ತ ದೇವಪುತ್ರ ಕೇಳಿದ:
ಗೆರೆ ಹಾಕಲು ತಾನೂ ಬರಬಹುದೇ?
ನಸುಕಿನಲ್ಲೇ ಬಾ ಅಂದೆ, ಗಾಳಿ ಏಳುವ ಮೊದಲು.